ಕೊಳ್ಳುವುದು ಕಿಲೋಮೀಟರ್, ಕಾಯುವುದು ಬಸ್ಸಿಗೆ

2025ರ ಮೇ ತಿಂಗಳಲ್ಲಿ ಮುಂಬಯಿಯ ಬೆಸ್ಟ್ ಬಸ್ಸಿನ ಕನಿಷ್ಠ ದರ 5ರಿಂದ 10 ರೂಪಾಯಿಗೆ ಏರಿತು. ಎಸಿ ಬಸ್ಸಿನದು 6ರಿಂದ 12ಕ್ಕೆ. ಆಗ ನಮ್ಮ ಸಯನ್ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ. ಅರ್ಧ ಜನ "ಖಾಸಗಿಯವರಿಗೆ ಕೊಟ್ಟು ಹಾಳು ಮಾಡಿದರು" ಅನ್ನುತ್ತಾರೆ. ಉಳಿದವರು "ಪೂರ್ತಿ ಖಾಸಗಿಗೆ ಕೊಟ್ಟುಬಿಡಬೇಕಿತ್ತು" ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಗುಂಪಿನಲ್ಲಿ ಬರೆದರೆ ಗುಡ್ ಮಾರ್ನಿಂಗ್ ಚಿತ್ರಗಳ ಮಧ್ಯೆ ಹೂತುಹೋಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಲೋಕಲ್‌ನಲ್ಲಿ ಸೀಟು ಸಿಕ್ಕಿದ್ದರೆ ಓದಿ.

ಖಾಸಗಿಯವರಿಂದ ಬಸ್ಸು ಬಾಡಿಗೆಗೆ ತರುವ ವೆಟ್ ಲೀಸ್ ಎಂಬ ಮಾತನ್ನು ಎಲ್ಲರೂ ಬೈಗುಳದ ಹಾಗೆ ಬಳಸುತ್ತಾರೆ. ಅದು ಇಷ್ಟೇ: ಬಸ್ಸು ಗುತ್ತಿಗೆದಾರನದು, ಡ್ರೈವರ್ ಅವನ ಕಡೆಯವನು, ರಿಪೇರಿಯೂ ಅವನದೇ. ಕಂಡಕ್ಟರ್ ಹೆಚ್ಚಾಗಿ ಬೆಸ್ಟ್‌ನವನು, ಟಿಕೆಟ್ ದುಡ್ಡು ಬೆಸ್ಟ್‌ಗೆ. ಗುತ್ತಿಗೆದಾರನಿಗೆ ಸಿಗುವುದು ಓಡಿದ ಕಿಲೋಮೀಟರಿಗೆ ಇಷ್ಟು ಅಂತ. ಬಸ್ಸಿನಲ್ಲಿ ನೂರು ಜನ ಇದ್ದರೂ ಅಷ್ಟೇ, ಖಾಲಿ ಹೋದರೂ ಅಷ್ಟೇ. ಬೆಂಗಳೂರಿನ ಗೆಳೆಯರು ನಗಬೇಡಿ, ನಿಮ್ಮ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸು ಓಡುವುದೂ ಇದೇ ಲೆಕ್ಕದಲ್ಲಿ.

ಬೆಸ್ಟ್ ಈ ದಾರಿ ಹಿಡಿದದ್ದು ಸುಮ್ನೆ ಅಲ್ಲ. ಹೆಸರಿನಲ್ಲೇ ವಿದ್ಯುತ್ ಮತ್ತು ಸಾರಿಗೆ ಎರಡೂ ಇರುವ ಸಂಸ್ಥೆ ಅದು. ಬಹಳ ವರ್ಷ ಕರೆಂಟಿನ ಲಾಭದಲ್ಲಿ ಬಸ್ಸಿನ ನಷ್ಟ ತುಂಬುತ್ತಿದ್ದರು. ಕರೆಂಟು ಬಿಲ್ ಕಟ್ಟುವವನು ಬಸ್ಸಿನ ನಷ್ಟ ಯಾಕೆ ಹೊರಬೇಕು ಎಂಬ ಪ್ರಶ್ನೆ ಕೋರ್ಟು, ವಿದ್ಯುತ್ ದರ ಆಯೋಗ ಎಲ್ಲ ಸುತ್ತಿ ಕೊನೆಗೆ ಆ ದಾರಿ ಮುಚ್ಚಿತು. ಬಸ್ಸು ಹಳೆಯದಾಗುತ್ತ ಬಂತು, ಹೊಸದು ಕೊಳ್ಳಲು ದುಡ್ಡಿಲ್ಲ. 2019ರ ಜನವರಿಯಲ್ಲಿ ನೌಕರರು ಒಂಬತ್ತು ದಿನ ಮುಷ್ಕರ ಮಾಡಿದರು. ಅದೇ ವರ್ಷ ಯೂನಿಯನ್ ಜೊತೆ ಒಪ್ಪಂದವಾಯಿತು: ಸ್ವಂತ ಬಸ್ಸು 3,337 ಉಳಿಸಿಕೊಳ್ಳುತ್ತೇವೆ, ಅದರ ಮೇಲೆ ಬಾಡಿಗೆ ಬಸ್ಸು ತರುತ್ತೇವೆ ಅಂತ. ಜುಲೈಯಲ್ಲಿ ಕನಿಷ್ಠ ದರ 8ರಿಂದ 5ಕ್ಕೆ ಇಳಿಸಿದರು, ಜನ ಬಸ್ಸಿಗೆ ವಾಪಸ್ ಬಂದರು. ಬಾಡಿಗೆ ಬಸ್ಸೂ ಬಂತು. ಆದರೆ ಆ 3,337ರ ಹತ್ತಿರಕ್ಕೂ ಸ್ವಂತ ಬಸ್ಸು ಇವತ್ತು ಇಲ್ಲ.

ಇನ್ನು ನನ್ನ ವಾದಕ್ಕೆ ಬರುತ್ತೇನೆ. ಬಸ್ಸನ್ನು ಬಾಡಿಗೆಗೆ ತರುವುದು ತಪ್ಪಲ್ಲ. ಆದರೆ ಬಾಡಿಗೆ ಕಾಗದದಲ್ಲಿ ನಾವು ಕೊಳ್ಳುತ್ತಿರುವುದು ಕಿಲೋಮೀಟರ್. ಸ್ಟಾಪಿನಲ್ಲಿ ನಿಂತವರಿಗೆ ಬೇಕಾದದ್ದು ಕಿಲೋಮೀಟರ್ ಅಲ್ಲ, ಹತ್ತು ನಿಮಿಷಕ್ಕೊಂದು ಬಸ್ಸು. ಇವೆರಡೂ ಒಂದೇ ಅಂತ ಟೆಂಡರ್ ಬರೆಯುವವರು ಅಂದುಕೊಂಡಿದ್ದಾರೆ.

ಇವೆರಡೂ ಒಂದೇ ಅಲ್ಲ ಎಂದು ನನಗೆ ಲೆಕ್ಕ ಹಾಕಿ ತೋರಿಸಿದವರು ನಮ್ಮ ಕಟ್ಟಡದ ಒಬ್ಬರು ಕಾಕಾ. ಜತ್ತ ಕಡೆಯವರು, ಮನೆಮಾತು ಕನ್ನಡ. ಬಸ್ಸಿನ ಕೆಲಸದಲ್ಲೇ ಇದ್ದು ರಿಟೈರಾದವರು, ಕೊನೆಯಲ್ಲಿ ಸ್ಟಾರ್ಟರ್ ಆಗಿದ್ದರು. ಬಸ್ ಚೌಕಿಯಲ್ಲಿ ಕೂತು ಯಾವ ಗಾಡಿ ಎಷ್ಟು ಗಂಟೆಗೆ ಹೊರಡಬೇಕು ಅಂತ ಬಿಡುವವರು. ಕರೆಂಟ್ ಬಿಲ್ಲಿನ ಹಿಂಬದಿಯಲ್ಲೇ ಗೀಟು ಎಳೆದು ಲೆಕ್ಕ ಮಾಡಿದರು. ಒಂದು ರೂಟಿಗೆ ಹೋಗಿ ಬರಲು ಎರಡು ಗಂಟೆ ಅಂತಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೊಂದು ಬಸ್ಸು ಬೇಕಾದರೆ ಹನ್ನೆರಡು ಗಾಡಿ. ಮೆಟ್ರೋಗೆ ರಸ್ತೆ ಅಗೆದರು, ಮಳೆ ಬಂತು, ಈಗ ಎರಡೂವರೆ ಗಂಟೆ. ಅದೇ ಹತ್ತು ನಿಮಿಷ ಉಳಿಸಿಕೊಳ್ಳಲು ಹದಿನೈದು ಗಾಡಿ ಬೇಕು.

"ಈಗ ಹೇಳ್ರಿ ತಮ್ಮಾ, ಕಾಗದದಾಗ ಹನ್ನೆರಡ ಗಾಡಿ ಅದಾವ. ಆ ಮೂರು ಎಲ್ಲಿಂದ ತರ್ತೀರಿ?" ಅಂತ ಕೇಳಿದರು.

ಗಾಡಿ ಸೇರಿಸದಿದ್ದರೆ ಅಂತರ ಹಿಗ್ಗುತ್ತದೆ. ಅದರ ಜೊತೆಗೇ ಪ್ರತಿ ಗಾಡಿ ದಿನಕ್ಕೆ ಓಡುವ ಕಿಲೋಮೀಟರ್ ಇಳಿಯುತ್ತದೆ. ಇಲ್ಲೇ ಗಂಟು ಬೀಳುವುದು. ಇಂಥ ಒಪ್ಪಂದಗಳಲ್ಲಿ ದಿನಕ್ಕೆ ಇಷ್ಟು ಕಿಲೋಮೀಟರ್ ಖಾತ್ರಿ ಎಂಬ ಷರತ್ತು ಇರುತ್ತದೆ. ಓಡದಿದ್ದ ಕಿಲೋಮೀಟರಿಗೂ ಸಂಸ್ಥೆ ಒಂದಿಷ್ಟು ಕೊಡಬೇಕು. ಆಗ ಆಫೀಸಿನಲ್ಲಿ ಕೂತವರಿಗೆ ಏನನ್ನಿಸುತ್ತದೆ? ಹೇಗಾದರೂ ಕಿಲೋಮೀಟರ್ ಮುಗಿಸೋಣ ಅಂತ. ಗಿಜಿಗುಡುವ ಸ್ಟೇಷನ್ ರಸ್ತೆಯ ಚಿಕ್ಕ ರೂಟು ನಷ್ಟದ್ದಾಗಿ ಕಾಣುತ್ತದೆ, ಹೈವೇ ಮೇಲಿನ ಉದ್ದ ರೂಟು ಲಾಭದ್ದಾಗಿ ಕಾಣುತ್ತದೆ. ಜನ ಜಾಸ್ತಿ ಇರುವುದು ಸ್ಟೇಷನ್ ರಸ್ತೆಯಲ್ಲಿ, ಅಲ್ವಾ?

ಇನ್ನೊಂದು ಸಂಗತಿ, ಮುಂಬಯಿಯವರಿಗೆಲ್ಲ ಗೊತ್ತಿರುವುದು. ಬಹಳ ಹೊತ್ತು ಬಸ್ಸಿಲ್ಲ, ಆಮೇಲೆ ಎರಡು ಒಟ್ಟಿಗೇ ಬರುತ್ತವೆ. ಹತ್ತು ನಿಮಿಷಕ್ಕೊಂದರಂತೆ ಬಂದರೆ ನಾವು ಸರಾಸರಿ ಐದು ನಿಮಿಷ ಕಾಯುತ್ತೇವೆ. ಇಪ್ಪತ್ತು ನಿಮಿಷಕ್ಕೆ ಎರಡು ಜೋಡಿಯಾಗಿ ಬಂದರೆ ಸರಾಸರಿ ಹತ್ತು ನಿಮಿಷ. ಬಸ್ಸು ಅಷ್ಟೇ, ಕಿಲೋಮೀಟರ್ ಅಷ್ಟೇ, ಗುತ್ತಿಗೆದಾರನ ಬಿಲ್ಲೂ ಅಷ್ಟೇ. ಕಾಯುವ ಹೊತ್ತು ಮಾತ್ರ ದುಪ್ಪಟ್ಟು. ಇದನ್ನು ತಡೆಯುವುದೇ ಸ್ಟಾರ್ಟರ್ ಕೆಲಸ: ಹಿಂದಿನ ಗಾಡಿಯನ್ನು ಹಿಡಿದು ನಿಲ್ಲಿಸುವುದು, ಬೇಕಾದರೆ ಒಂದನ್ನು ಅರ್ಧದಿಂದಲೇ ತಿರುಗಿಸಿ ಕಳಿಸುವುದು. "ಅರ್ಧಕ್ಕ ತಿರುಗಿಸಿದ್ರ ಕಿಲೋಮೀಟರ್ ಕಮ್ಮಿ ಆಗ್ತದಲ್ರೀ, ಕಂಪನಿ ಡ್ರೈವರ್ ಯಾಕ ಒಪ್ಪತಾನ?" ಅಂದರು ಕಾಕಾ. ಅವನ ಮೇಲಿನವನು ಕೇಳುವುದು ಕಿಲೋಮೀಟರೇ ತಾನೆ.

ಒಪ್ಪಂದದಲ್ಲಿ ದಂಡದ ಪಟ್ಟಿ ಇರುವುದಿಲ್ಲ ಅಂತಲ್ಲ. ಎಸಿ ಕೆಟ್ಟರೆ ಇಷ್ಟು, ಟ್ರಿಪ್ ತಪ್ಪಿಸಿದರೆ ಇಷ್ಟು ಅಂತ ಇರುತ್ತದೆ. ಆದರೆ ದಂಡ ಉಪ್ಪಿನಕಾಯಿ, ಊಟ ಕಿಲೋಮೀಟರಿನದೇ. ಲಂಡನ್ನಿನಲ್ಲೂ ಬಸ್ಸು ಓಡಿಸುವುದು ಖಾಸಗಿ ಕಂಪನಿಗಳೇ. ಅಲ್ಲಿ ಪದೇ ಪದೇ ಬಸ್ಸು ಬರುವ ರೂಟಿನಲ್ಲಿ, ವೇಳಾಪಟ್ಟಿಯ ಪ್ರಕಾರ ಕಾಯಬೇಕಾದದ್ದಕ್ಕಿಂತ ಜನ ಎಷ್ಟು ಜಾಸ್ತಿ ಕಾದರು ಅಂತ ಅಳೆದು ಬೋನಸ್ಸು ಕೊಡುತ್ತಾರೆ, ಇಲ್ಲವೇ ಹಣ ಹಿಡಿಯುತ್ತಾರೆ. 2000ದ ಸುಮಾರಿಗೇ ಶುರುವಾದ ಪದ್ಧತಿ ಅದು. ನಮ್ಮ ಬಸ್ಸುಗಳಲ್ಲೂ ಈಗ ಜಿಪಿಎಸ್ ಇದೆ, ಆ್ಯಪಿನಲ್ಲಿ ಬಸ್ಸು ಎಲ್ಲಿದೆ ಅಂತ ಕಾಣುತ್ತದೆ. ನಮಗೆ ಕಾಣುವುದು ಬಿಲ್ ಪಾಸು ಮಾಡುವವರಿಗೆ ಕಾಣುವುದಿಲ್ಲವೇ?

ಟೆಂಡರ್ ಬರೆಯುವ ಕೆಲಸವೂ ಹೀಗೆಯೇ. ಬೆಸ್ಟ್ 2022ರಲ್ಲಿ 1,400 ಎಲೆಕ್ಟ್ರಿಕ್ ಬಸ್ಸಿಗೆ ಟೆಂಡರ್ ಕರೆಯಿತು, ಆಮೇಲೆ ಅದು 2,100 ಆಯಿತು. ಒಂದು ಸಲ ಚಾರ್ಜ್ ಮಾಡಿದರೆ ನಡುವೆ ಎಲ್ಲೂ ನಿಲ್ಲದೆ 200 ಕಿಲೋಮೀಟರ್ ಓಡಬೇಕು ಎಂಬ ಷರತ್ತು ಅದರಲ್ಲಿತ್ತು. ಆ ಒಂದು ಷರತ್ತಿನ ಮೇಲೆ ಟಾಟಾ ಮೋಟರ್ಸ್ ಟೆಂಡರಿನಿಂದ ಹೊರಬಿತ್ತು, ಹೈಕೋರ್ಟಿಗೆ ಹೋಯಿತು. ಟಾಟಾವನ್ನು ಹೊರಗಿಟ್ಟದ್ದು ಸರಿ ಎಂದ ಹೈಕೋರ್ಟು, ಗೆದ್ದ ಕಂಪನಿಗೆ ಕೊಟ್ಟದ್ದನ್ನೂ ರದ್ದು ಮಾಡಿತು. ಮುಂದೆ ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಆ ಕಂಪನಿಯ ಪರ ತೀರ್ಪು ಕೊಟ್ಟಿತು. ಯಾರು ಸರಿ ಎನ್ನುವುದು ಇಲ್ಲಿ ನನ್ನ ವಿಷಯವಲ್ಲ. ಮಧ್ಯಾಹ್ನ ಡಿಪೋಗೆ ಬಂದು ಒಂದು ತಾಸು ಚಾರ್ಜಿಗೆ ನಿಲ್ಲುವ ಬಸ್ಸು ನಮ್ಮ ರೂಟುಗಳಿಗೆ ಸಾಲುತ್ತದೆಯೋ ಇಲ್ಲವೋ ಎಂಬುದು ರೂಟಿನ ಪ್ರಶ್ನೆ, ಚೌಕಿಯಲ್ಲಿ ಕೂತವರು ಹೇಳಬೇಕಾದದ್ದು. ಅದು ವಕೀಲರ ಮುಂದೆ ಹೋಯಿತು. ಅಷ್ಟರಲ್ಲಿ ಹಳೆ ಬಸ್ಸುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಲೇ ಇದ್ದವು.

ಟೆಂಡರಿನಲ್ಲಿ ಕಡಿಮೆ ರೇಟು ಹಾಕಿದವನೇ ಗೆಲ್ಲುತ್ತಾನೆ. ಬಾಕಿ ಹಣ ತಿಂಗಳುಗಟ್ಟಲೆ ತಡವಾಗುತ್ತದೆ. ಡೀಸೆಲ್, ಸಿಎನ್‌ಜಿ ಏರುತ್ತದೆ. ಅವನು ಎಲ್ಲಿ ಹಿಡಿಯುತ್ತಾನೆ? ಡ್ರೈವರ್ ಸಂಬಳದಲ್ಲಿ, ಟೈರಿನಲ್ಲಿ. 2023ರ ಆಗಸ್ಟಿನಲ್ಲಿ ಮುಂಬಯಿಯ ಗುತ್ತಿಗೆ ಡ್ರೈವರುಗಳು ಸಂಬಳ ಏರಿಸಿ ಎಂದು ಸುಮಾರು ಒಂದು ವಾರ ಕೆಲಸ ನಿಲ್ಲಿಸಿದರು, ರಾಜ್ಯ ಸಾರಿಗೆಯ ಎಸ್.ಟಿ. ಬಸ್ಸು ತರಿಸಬೇಕಾಯಿತು. ಅದೇ ವರ್ಷದ ಮಾರ್ಚಿನಲ್ಲಿ ಪುಣೆಯಲ್ಲೂ ಬಾಕಿ ಕೊಡಿ ಎಂದು ಗುತ್ತಿಗೆದಾರರು ಬಸ್ಸು ನಿಲ್ಲಿಸಿದ್ದರು. ಮುಂಬಯಿಯಲ್ಲಿ 2022ರಲ್ಲಿ ಒಬ್ಬ, 2024ರಲ್ಲಿ ಇನ್ನೊಬ್ಬ ಗುತ್ತಿಗೆದಾರ ಪೂರ್ತಿ ಕೈಬಿಟ್ಟು ಹೋದರು. ಈಗ ಕೇಂದ್ರ ಸರ್ಕಾರ, ಬಾಕಿ ತಡವಾದರೆ ಗುತ್ತಿಗೆದಾರನಿಗೆ ಹಣ ಸಿಗುವಂತೆ 3,435 ಕೋಟಿ ರೂಪಾಯಿಯ ಭದ್ರತಾ ಯೋಜನೆ ತಂದಿದೆ. ಒಳ್ಳೆಯದೇ. ಡ್ರೈವರಿಗೆ ಒಂದನೇ ತಾರೀಕಿಗೆ ಸಂಬಳ ಆಗುತ್ತದೆ ಎಂಬ ಭದ್ರತೆಯೂ ಅಷ್ಟೇ ಗಟ್ಟಿಯಾಗಿ ಬರಲಿ.

ಕುರ್ಲಾದ ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. 2024ರ ಡಿಸೆಂಬರ್ 9ರ ರಾತ್ರಿ 332 ನಂಬರಿನ ಗುತ್ತಿಗೆ ಎಲೆಕ್ಟ್ರಿಕ್ ಬಸ್ಸು ಜನರ ಮೇಲೆ ನುಗ್ಗಿ ಹಲವರು ಸತ್ತರು. ಕೇಸು ನಡೆಯುತ್ತಿರುವುದರಿಂದ ತಪ್ಪು ಯಾರದು ಎಂದು ನಾನು ಹೇಳುವುದಿಲ್ಲ. ಆದರೆ ಅವತ್ತಿನಿಂದ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಗೇರು, ಕ್ಲಚ್ಚಿನ ಗಾಡಿ ಓಡಿಸಿದವರನ್ನು ಈ ದೊಡ್ಡ ಆಟೋಮ್ಯಾಟಿಕ್ ಬಸ್ಸಿಗೆ ಕೂರಿಸುವ ಮೊದಲು ಎಷ್ಟು ದಿನ ಕಲಿಸಬೇಕು, ಕಲಿಸಿದ್ದನ್ನು ಯಾರು ನೋಡಬೇಕು? ಇದಕ್ಕೆ ಸಂಸ್ಥೆಯ ಸ್ವಂತ ತರಬೇತಿ ಮೇಷ್ಟರು ಬೇಕು. ಕಂಪನಿಯ ಸರ್ಟಿಫಿಕೇಟು ನೋಡಿ ಸಹಿ ಹಾಕಿದರೆ ಆಗುವುದಿಲ್ಲ.

ಮುಂಬಯಿ, ಠಾಣೆ, ನವಿ ಮುಂಬಯಿ, ಕಲ್ಯಾಣ್, ಮೀರಾ ಭಾಯಂದರ್, ವಸಯಿ ಎಲ್ಲದಕ್ಕೂ ಬೇರೆ ಬೇರೆ ಬಸ್ ಸಂಸ್ಥೆ, ಬೇರೆ ಬೇರೆ ಟೆಂಡರ್. ಜನ ಮಾತ್ರ ಡೊಂಬಿವಲಿಯಲ್ಲಿ ಮಲಗಿ ಪರೇಲಿನಲ್ಲಿ ದುಡಿಯುತ್ತಾರೆ. ಅದನ್ನು ಬರೆದರೆ ಇನ್ನೊಂದು ಪೋಸ್ಟಾಗುತ್ತದೆ, ಬಿಡಿ.

ಡಿಪೋ ಬಗ್ಗೆ ಮಾತ್ರ ಹೇಳಲೇಬೇಕು. ಸಿಂಗಪುರದಲ್ಲಿ 2016ರಿಂದ ಬಸ್ಸೂ ಡಿಪೋವೂ ಸರ್ಕಾರದ್ದು, ಕಂಪನಿ ಬಂದು ಓಡಿಸುತ್ತದೆ. ಒಬ್ಬ ಬಿಟ್ಟುಹೋದರೆ ಇನ್ನೊಬ್ಬ ಬಂದು ಅದೇ ಬಸ್ಸು ಓಡಿಸುತ್ತಾನೆ. ನಮ್ಮಲ್ಲಿ ಗುತ್ತಿಗೆದಾರ ಬಿಟ್ಟುಹೋದರೆ ಬಸ್ಸೂ ಅವನ ಜೊತೆ ಹೋಗುತ್ತದೆ, ರೂಟು ಖಾಲಿ ಬೀಳುತ್ತದೆ. ನಮ್ಮ ಕೈಯಲ್ಲಿ ಉಳಿದಿರುವುದು ಡಿಪೋ ಜಾಗವೊಂದೇ. ಅದನ್ನೂ ಬಿಲ್ಡರ್ ಜೊತೆ ಸೇರಿ ಅಭಿವೃದ್ಧಿ ಮಾಡಿ ದುಡ್ಡು ಎತ್ತೋಣ ಎಂಬ ಮಾತು ಮತ್ತೆ ಮತ್ತೆ ಏಳುತ್ತಿರುತ್ತದೆ. ಸಾವಿರಾರು ಎಲೆಕ್ಟ್ರಿಕ್ ಬಸ್ಸು ರಾತ್ರಿ ಚಾರ್ಜಿಗೆ ನಿಲ್ಲಬೇಕಾದ ಕಾಲದಲ್ಲಿ ಜಾಗ ಮೊದಲಿಗಿಂತ ಜಾಸ್ತಿ ಬೇಕು.

ಗುಂಪಿನಲ್ಲಿ ಒಬ್ಬರು "ಹಾಗಾದರೆ ನಿಮ್ಮ ಪರಿಹಾರ ಏನು ಸಾರ್?" ಅಂತ ಕುಟುಕಿದ್ದರು. ಹೊಸ ಬಸ್ಸು ಬರಲಿ, ಎಸಿಯೂ ಇರಲಿ, ಗುತ್ತಿಗೆಯೂ ಇರಲಿ. ಬಿಲ್ಲಿನಲ್ಲಿ ದೊಡ್ಡ ಪಾಲು ಕಾಯುವ ಹೊತ್ತಿನ ಮೇಲೆ ನಿಲ್ಲಲಿ. ಟೆಂಡರ್ ಕರೆಯುವ ಮೊದಲು ರೂಟಿನ ಓಟದ ವೇಳೆಯನ್ನು ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಅಳೆಯಲಿ, ಆ ಅಳತೆಯನ್ನು ವೆಬ್‌ಸೈಟಿನಲ್ಲಿ ಹಾಕಲಿ. ರಿಟೈರಾಗುತ್ತಿರುವ ಸ್ಟಾರ್ಟರ್, ಟೈಮ್‌ಕೀಪರುಗಳ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿ. ನಮ್ಮ ಕಾಕಾನಂಥವರನ್ನು ಆರು ತಿಂಗಳು ಸಂಬಳ ಕೊಟ್ಟು ಕರೆಸಿ, ಹೊಸಬರ ಪಕ್ಕದಲ್ಲಿ ಕೂರಿಸಲಿ. ಅವರನ್ನು ಕೇಳಿಯೂ ನೋಡಿದೆ. "ಕರದ್ರ ಬರ್ತೀನ್ರಿ, ಮಧ್ಯಾಹ್ನದ ಊಟಕ್ಕ ಮನಿಗೆ ಬಿಡಬೇಕು" ಅಂದರು.