ಹನ್ನೊಂದನೇ ವಚನಕ್ಕೆ ಮೊದಲು ಹತ್ತನೆಯದನ್ನು ಓದಿ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಹೊರಡುವಾಗ ನಮ್ಮ ಮೈಸೂರು, ಮಂಡ್ಯದ ಎಷ್ಟೋ ಸಭೆಗಳಲ್ಲಿ ಕೈಗೊಂದು ವಾಗ್ದಾನದ ಕಾರ್ಡು ಕೊಡುತ್ತಾರೆ. ಮನೆಗೆ ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರೆ ಮುಂದಿನ ಡಿಸೆಂಬರ್‌ವರೆಗೂ ಅದು ಅಲ್ಲೇ. ಆ ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ವಚನ ಯೆರೆಮೀಯ 29:11. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಕೇಡಿನದಲ್ಲ, ಹಿತದ್ದೇ, ನಿಮಗೆ ನಿರೀಕ್ಷೆಯಿದೆ ಎಂದು ದೇವರು ಹೇಳುವ ಮಾತು. ಅದರ ಮೇಲೆ ಪ್ರಸಂಗವೂ ಆಗುತ್ತದೆ: ಈ ವರ್ಷ ಸೈಟ್ ಆಗುತ್ತೆ, ವೀಸಾ ಬರುತ್ತೆ, ಮಗಳ ಮದುವೆ ಕೂಡಿಬರುತ್ತೆ. ಎಲ್ಲರೂ ಆಮೆನ್ ಅನ್ನುತ್ತಾರೆ.

ಪ್ರಸಂಗ ಸತ್ಯವೇದಕ್ಕೆ (ಬೈಬಲಿಗೆ) ನಿಷ್ಠವಾಗಿದೆಯೋ ಇಲ್ಲವೋ ನೋಡುವುದು ಹೇಗೆ ಎಂದು ಕಲಿಯಲು ಈ ಒಂದು ವಚನ ಸಾಕು. ಕಾರ್ಡು ಪಕ್ಕಕ್ಕಿಟ್ಟು 28ನೇ ಅಧ್ಯಾಯದಿಂದ ಓದಿ. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಎರಡೇ ವರ್ಷದಲ್ಲಿ ಬಾಬೆಲಿನ ನೊಗ ಮುರಿಯುತ್ತದೆ, ಯೆರೂಸಲೇಮಿನಿಂದ ಅಲ್ಲಿಗೆ ಸೆರೆಹೋದವರು ವಾಪಸ್ ಬರುತ್ತಾರೆ ಎಂದು ಸಾರುತ್ತಾನೆ. ಆ ವರ್ಷವೇ ಸಾಯುತ್ತಾನೆ. ಮುಂದಿನ ಅಧ್ಯಾಯದಲ್ಲಿ ಯೆರೆಮೀಯನು ಬಾಬೆಲಿನಲ್ಲಿದ್ದವರಿಗೆ ಕಾಗದ ಬರೆಯುತ್ತಾನೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ, ನಿಮ್ಮ ನಡುವಿನ ಪ್ರವಾದಿಗಳಿಗೆ ಮರುಳಾಗಬೇಡಿ. ಹತ್ತನೇ ವಚನದಲ್ಲಿ ಲೆಕ್ಕ ಬರುತ್ತದೆ: ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಕರೆತರುತ್ತೇನೆ. ಆ ಕಾಗದ ಕೇಳಿಸಿಕೊಂಡ ನಡುವಯಸ್ಸಿನವರು ಯೆರೂಸಲೇಮಿನ ಮುಖ ಮತ್ತೆ ನೋಡುವ ಹಾಗಿರಲಿಲ್ಲ. ಅಂಥವರಿಗೆ ಹೇಳಿದ್ದು ಹನ್ನೊಂದನೇ ವಚನ. ಅದನ್ನೇ ಹಿಡಿದು ‘ಈ ವರ್ಷದೊಳಗೆ ಆಗುತ್ತದೆ’ ಎಂದರೆ, ಯೆರೆಮೀಯನ ಬಾಯಲ್ಲಿ ಹನನ್ಯನ ಪ್ರಸಂಗ ಮಾಡಿಸಿದ ಹಾಗಾಯಿತು.

ಹಾಗಾದರೆ ಆ ವಚನ ನಮಗೆ ಸೇರಿದ್ದಲ್ಲವೇ? ಖಂಡಿತ ಸೇರಿದ್ದು. ಕಷ್ಟ ಬೇಗ ತೀರದಿದ್ದರೂ ಕೈಬಿಡದ ದೇವರು ಆತ ಎನ್ನುವುದು ಅಲ್ಲಿದೆ. ಡಯಾಲಿಸಿಸ್‌ಗೆ ವಾರಕ್ಕೆ ಮೂರು ಸಲ ಹೋಗುವವರಿಗೆ ಸೈಟಿನ ಮಾತಿಗಿಂತ ಈ ಮಾತು ಬೇಕು.

ಮಾಡಬೇಕಾದ್ದು ಇಷ್ಟು. ಪ್ರಸಂಗದ ಹೊತ್ತಿನಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಓದಿದ ವಾಕ್ಯಭಾಗ ಯಾವುದು, ಪ್ರಸಂಗಿ ಹೇಳಿದ್ದರ ತಿರುಳು ಒಂದೇ ಸಾಲಿನಲ್ಲಿ ಏನು, ನಮ್ಮನ್ನು ಏನು ಮಾಡಿ ಎಂದರು. ಮಧ್ಯಾಹ್ನ ಊಟವಾದ ಮೇಲೆ ಆ ಅಧ್ಯಾಯ, ಅದರ ಹಿಂದಿನದು, ಮುಂದಿನದು ಓದಿ. ವಾಕ್ಯಭಾಗ ಪತ್ರಿಕೆಯದಾದರೆ, ಅಂದರೆ ಪೌಲನಂಥ ಅಪೊಸ್ತಲರು ಸಭೆಗಳಿಗೆ ಬರೆದ ಕಾಗದದ್ದಾದರೆ, ಇಡೀ ಪತ್ರಿಕೆ ಓದುವುದು ಒಳ್ಳೆಯದು. ಫಿಲಿಪ್ಪಿಯವರಿಗೆ ಬರೆದದ್ದು ಒಟ್ಟು 104 ವಚನ, ಒಂದು ಲೋಟ ಕಾಫಿ ಮುಗಿಯುವುದರೊಳಗೆ ಓದಬಹುದು. ಓದುವಾಗ ‘ಆದದರಿಂದ’, ‘ಯಾಕಂದರೆ’, ‘ಆದರೆ’ ಎಂಬ ಪದಗಳ ಕೆಳಗೆ ಗೆರೆ ಎಳೆಯಿರಿ. ವಚನ ತನ್ನ ಹಿಂದಿನ ಮಾತಿಗೆ ಅಂಟಿಕೊಂಡಿರುವುದು ಅಲ್ಲೇ, ಕಿತ್ತು ತೆಗೆದವರು ಬಿಟ್ಟುಬರುವುದೂ ಅದನ್ನೇ. ಮನೆಯಲ್ಲಿ ಹಳೆಯ ಸತ್ಯವೇದವು ಇದ್ದರೆ ಫೋನಿನಲ್ಲಿ ಸಿ.ಎಲ್. (ಕಾಮನ್ ಲ್ಯಾಂಗ್ವೇಜ್, ಅಂದರೆ ಸರಳ ಭಾಷೆಯ) ಅನುವಾದವನ್ನೂ ತೆರೆದಿಡಿ. ಎರಡರಲ್ಲೂ ನಿಲ್ಲದ ಅರ್ಥವನ್ನು ಪ್ರಸಂಗಿ ಹೇಳಿದ್ದರೆ ಅಲ್ಲಿ ಪ್ರಶ್ನೆ ಗುರುತು ಹಾಕಿ. ಕೊನೆಗೆ ಇನ್ನೊಂದು ಪರೀಕ್ಷೆ: ಆ ವಾಕ್ಯಭಾಗವನ್ನು ತೆಗೆದುಹಾಕಿದರೂ ಪ್ರಸಂಗ ಹಾಗೆಯೇ ನಿಲ್ಲುತ್ತದೆಯೇ? ನಿಲ್ಲುವುದಾದರೆ ವಾಕ್ಯ ಅಲ್ಲಿ ಅಲಂಕಾರಕ್ಕಿತ್ತು ಅಷ್ಟೆ.

ಕನ್ನಡದಲ್ಲಿ ಓದುವವರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಬಳಸದೇ ಬಿಡುತ್ತಿದ್ದೇವೆ. ನಮ್ಮ ಸತ್ಯವೇದದಲ್ಲಿ ದೇವರು ಒಬ್ಬನೊಂದಿಗೆ ಮಾತಾಡುವಾಗ ‘ನೀನು’ ಎನ್ನುತ್ತಾನೆ. ಯೆರೆಮೀಯನನ್ನು ಕರೆದದ್ದೂ ಹಾಗೆಯೇ. ‘ನೀವು’ ಎಂದರೆ ಅಲ್ಲಿ ಮರ್ಯಾದೆಯ ಬಹುವಚನವಲ್ಲ, ನಿಜವಾಗಿಯೂ ಹಲವರು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ. ಯೂಟ್ಯೂಬಿನ ಇಂಗ್ಲಿಷ್ ಪ್ರಸಂಗವನ್ನು ಕನ್ನಡಕ್ಕೆ ಇಳಿಸಿದಾಗ ಒಂದು ಜನಾಂಗಕ್ಕೆ, ಒಂದು ಸಭೆಗೆ ಹೇಳಿದ ಮಾತು ಒಬ್ಬೊಬ್ಬರ ಸ್ವಂತ ವಾಗ್ದಾನವಾಗಿಬಿಡುತ್ತದೆ. 1 ಕೊರಿಂಥ 3:16ರಲ್ಲಿ ‘ನೀವು ದೇವರ ಆಲಯ’ ಎಂದದ್ದು ಜಗಳವಾಡಿ ಗುಂಪುಗುಂಪಾಗಿದ್ದ ಇಡೀ ಸಭೆಗೆ.

ಇನ್ನು ದಶಮಾಂಶ, ಅಂದರೆ ಗಳಿಕೆಯ ಹತ್ತನೇ ಒಂದು ಪಾಲನ್ನು ಕೊಡುವುದು. ಹೆಚ್ಚು ನೋವಾಗುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಶಮಾಂಶವನ್ನೆಲ್ಲ ಭಂಡಾರಕ್ಕೆ ತನ್ನಿ, ಆಕಾಶದ ದ್ವಾರ ತೆರೆಯುತ್ತೇನೆ ಎನ್ನುವ ಮಲಾಕಿಯ 3:10 ಓದಿ, ಕೊಡದಿದ್ದರೆ ಶಾಪ, ಕೊಟ್ಟರೆ ಬ್ಯಾಂಕ್ ಖಾತೆ ತುಂಬುತ್ತದೆ ಎಂದು ಹೇಳುವುದು ಕೇಳಿದ್ದೀರಿ. ಆ ‘ಭಂಡಾರ’ ದೇವಾಲಯದ ಕಣಜ. ದೇವಾಲಯದ ಸೇವೆ ಮಾಡುತ್ತಿದ್ದ, ಹೊಲವಿಲ್ಲದ ಲೇವಿಯರ ಪಾಲಿನ ದವಸ ಅಲ್ಲಿರುತ್ತಿತ್ತು. ಅದು ಬರದೇ ಹೋದಾಗ ಅವರು ಸೇವೆ ಬಿಟ್ಟು ಹೊಲಕ್ಕೆ ಹೋದರು ಎಂದು ನೆಹೆಮೀಯ 13:10ರಲ್ಲಿದೆ. ಧರ್ಮೋಪದೇಶಕಾಂಡ 14ರ ಪ್ರಕಾರ ಒಂದು ದಶಮಾಂಶವನ್ನು ಕೊಟ್ಟವನೇ ಮನೆಯವರ ಜೊತೆ ದೇವರ ಸನ್ನಿಧಿಯಲ್ಲಿ ಊಟ ಮಾಡಬೇಕು, ಮೂರು ವರ್ಷಕ್ಕೊಮ್ಮೆ ಅದು ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ. ‘ಆಕಾಶದ ದ್ವಾರ ತೆರೆಯುವುದು’ ಎಂದರೆ ಮಳೆ, ಮುಂದಿನ ವಚನದಲ್ಲಿ ‘ತಿಂದುಬಿಡುವುದು’ ಬೆಳೆಯ ಕೀಟ. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಕೆಳಗಿನ ಗದ್ದೆಯವರಿಗೆ ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಕಾಯುವುದು ಅಣೆಕಟ್ಟೆಯಿಂದ ನೀರು ಬಿಡುವುದನ್ನು. ಧರ್ಮೋಪದೇಶಕಾಂಡ 11:10-11 ಇದೇ ಹೋಲಿಕೆ ಮಾಡುತ್ತದೆ: ಐಗುಪ್ತದಲ್ಲಿ ಬಿತ್ತಿ ನೀವೇ ನೀರು ಹಾಯಿಸುತ್ತಿದ್ದಿರಿ, ಈ ದೇಶ ಆಕಾಶದ ಮಳೆಯನ್ನೇ ಕುಡಿಯುವ ದೇಶ. ಮಲಾಕಿಯನ ಮಾತು ಆ ಮಳೆಯಾಶ್ರಿತ ಜನಾಂಗಕ್ಕೆ ಹೇಳಿದ್ದು.

ಅದೇ ಅಧ್ಯಾಯದ ಐದನೇ ವಚನವನ್ನೂ ಓದಿಸಿ. ಕೂಲಿಯವನ ಕೂಲಿ ಹಿಡಿಯುವವರಿಗೆ, ವಿಧವೆಯನ್ನು ಹಿಂಸಿಸುವವರಿಗೆ ವಿರುದ್ಧವಾಗಿ ಸಾಕ್ಷಿಯಾಗಿ ಬರುತ್ತೇನೆ ಎನ್ನುತ್ತದೆ. ಹತ್ತನೆಯದನ್ನು ಪ್ರತಿ ತಿಂಗಳೂ ಓದಿ ಐದನೆಯದನ್ನು ಒಮ್ಮೆಯೂ ಓದದ ಸಭೆಯಲ್ಲಿ ಏನೋ ತಪ್ಪಿದೆ. ಕೊಡುವುದು ಬೇಡವೆಂದಲ್ಲ. 2 ಕೊರಿಂಥ 9:7ರಲ್ಲಿ ಪೌಲನು ದುಃಖದಿಂದಾಗಲಿ ಬಲವಂತದಿಂದಾಗಲಿ ಕೊಡಬಾರದು, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಬೇಕು ಎನ್ನುತ್ತಾನೆ. ಆ ಹಣ ಹೋದದ್ದು ಯೆರೂಸಲೇಮಿನ ಬಡವರಿಗೆ.

ಗುಣವಾಗುವ ವಿಷಯದಲ್ಲಿ ಒಂದೇ ಮಾತು: ನಂಬಿಕೆ ಇದ್ದರೆ ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಜೊತೆಸೇವಕ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದವನೂ, ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟುಬಂದವನೂ ಪೌಲನೇ. ಮೈಸೂರಿನಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದವರು ಇದೇ ಸತ್ಯವೇದ ಓದಿದವರು.

‘ಗ್ರೀಕ್ ಮೂಲದಲ್ಲಿ ಹೀಗಿದೆ’ ಎನ್ನುವುದಕ್ಕೂ ಬೆರಗಾಗಬೇಡಿ. ರೋಮಾ 1:16ರ ‘ಬಲ’ ಎಂಬ ಪದ ಡ್ಯುನಾಮಿಸ್, ಆದ್ದರಿಂದ ಸುವಾರ್ತೆ ಡೈನಮೈಟ್ ಇದ್ದಂತೆ ಎನ್ನುವುದು ಜನಪ್ರಿಯ. ನೊಬೆಲ್ ಡೈನಮೈಟಿಗೆ ಆ ಹೆಸರಿಟ್ಟದ್ದು 1867ರಲ್ಲಿ. ಪೌಲನ ಮನಸ್ಸಿನಲ್ಲಿ ಸ್ಫೋಟ ಇರಲಿಲ್ಲ, ರಕ್ಷಿಸುವ ಬಲ ಇತ್ತು. ಗೊಲ್ಯಾತನನ್ನು ಎದುರಿಸಲು ದಾವೀದ ಆರಿಸಿಕೊಂಡ ಐದು ಕಲ್ಲುಗಳಿಗೆ ಐದು ಅರ್ಥ ಹೇಳುವುದೂ ಇಂಥದ್ದೇ. ಹಳ್ಳದ ನುಣುಪು ಕಲ್ಲು ಎಂಬುದಕ್ಕಿಂತ ಹೆಚ್ಚೇನೂ ಅಲ್ಲಿಲ್ಲ.

ಕಥೋಲಿಕ ದೇವಾಲಯಗಳಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಸರದಿಯಲ್ಲಿ ಮೊದಲೇ ನಿಗದಿಯಾಗಿರುತ್ತವೆ, ಪ್ರಬೋಧನೆ ಆ ದಿನದ ಶುಭಸಂದೇಶಕ್ಕೆ ಅಂಟಿಕೊಂಡಿತ್ತೇ ಎಂದು ನೋಡಿದರೆ ಸಾಕು. ಪಾಸ್ಟರೇ ವಾಕ್ಯಭಾಗ ಆರಿಸುವ ಸಭೆಗಳಲ್ಲಿ ಮೂರು ತಿಂಗಳ ಪಟ್ಟಿ ಇಡಿ. 13 ಭಾನುವಾರದಲ್ಲಿ ಎಷ್ಟು ಸಲ ಸುವಾರ್ತೆಯಿಂದ, ಎಷ್ಟು ಸಲ ಶಿಲುಬೆಯ ಬಗ್ಗೆ, ಎಷ್ಟು ಸಲ ಆಶೀರ್ವಾದದ ಬಗ್ಗೆ ಮಾತ್ರ? ಒಂದು ಪ್ರಸಂಗದಲ್ಲಿ ಕಾಣದ ವಾಲು ಪಟ್ಟಿಯಲ್ಲಿ ಕಾಣುತ್ತದೆ.

ಹೀಗೆ ಪರೀಕ್ಷಿಸಿದರೆ ‘ಅಭಿಷಿಕ್ತರನ್ನು ಮುಟ್ಟಬೇಡಿ’, ಅಂದರೆ ದೇವರು ನೇಮಿಸಿದವರನ್ನು ಪ್ರಶ್ನಿಸಬೇಡಿ ಎಂಬ ಉತ್ತರ ಬರಬಹುದು. ಅದು ಕೀರ್ತನೆ 105:15. ಅಲ್ಲಿ ಅಭಿಷಿಕ್ತರು ಅಬ್ರಹಾಮ, ಇಸಾಕ, ಯಾಕೋಬರು, ಎಚ್ಚರಿಕೆ ಅವರಿಗೆ ಕೇಡು ಮಾಡಬಹುದಾದ ಅರಸರಿಗೆ. ಪ್ರಶ್ನೆ ಕೇಳುವ ವಿಶ್ವಾಸಿಗಳಿಗಲ್ಲ. ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರಗಳಲ್ಲಿ ಹುಡುಕಿ ನೋಡಿದ ಬೆರೋಯ ಪಟ್ಟಣದವರನ್ನು ಅಪೊಸ್ತಲರ ಕೃತ್ಯಗಳು 17:11 ಹೊಗಳುತ್ತದೆ.

ಆದರೆ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ವಚನದ ಸಂಖ್ಯೆ ತಪ್ಪಿದರೆ ಬಿಟ್ಟುಬಿಡಿ. ಸರಿಯಾದ ಬೋಧನೆಯನ್ನು ಅದಿಲ್ಲದ ವಚನದಿಂದ ತೆಗೆದರೆ ಮೆಲ್ಲಗೆ ಹೇಳಿ. ಬೋಧನೆಯೇ ತಪ್ಪಿ ಯಾರಾದರೂ ಹಣ, ಆರೋಗ್ಯ ಕಳೆದುಕೊಳ್ಳುವಂತಿದ್ದರೆ ಹಿರಿಯರನ್ನು ಕರೆದುಕೊಂಡೇ ಹೋಗಿ. ಸಭೆಯ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಬೇಡ. ಸಭೆಯಲ್ಲಿ ಬೋಧಿಸುತ್ತಿದ್ದ ಅಪೊಲ್ಲೋಸನಿಗೆ ತಿಳಿಯದೇ ಇದ್ದುದನ್ನು ಪ್ರಿಸ್ಕಿಲ್ಲ, ಅಕ್ವಿಲರು ಅವನನ್ನು ಪಕ್ಕಕ್ಕೆ ಕರೆದು ವಿವರಿಸಿದರು. ಅಯ್ಯನವರಿಗೆ ಭಾನುವಾರ ಬಿಡುವಿರುವುದಿಲ್ಲ, ಮಂಗಳವಾರವೋ ಬುಧವಾರವೋ ಹೋಗಿ, ಸತ್ಯವೇದ ತೆರೆದಿಟ್ಟು ಕೇಳಿ: “ಅಯ್ಯನವರೇ, ಹನ್ನೊಂದನೇ ವಚನ ಚೆನ್ನಾಗಿ ಬಿಡಿಸಿ ಹೇಳಿದ್ರಿ. ಹತ್ತನೆಯದನ್ನೂ ಒಂದ್ಸಲ ನಮ್ಮ ಜೊತೆ ಕೂತು ಓದ್ತೀರಾ?”