ಕಾಫಿ ತುಟ್ಟಿಯಾಯಿತೆಂದು ತೋಟದವರನ್ನು ಬೈಯುವ ಮುಂಚೆ

ಕಾಫಿಪುಡಿ ಕೆಜಿಗೆ ಸಾವಿರ ರೂಪಾಯಿ ದಾಟಿದ ಮೇಲೆ ಬೆಂಗಳೂರಿನ ನನ್ನ ಗೆಳೆಯರದ್ದೆಲ್ಲ ಒಂದೇ ರಾಗ. "ಬೆಳೆಯೋದು ನಮ್ಮ ಚಿಕ್ಕಮಗಳೂರಲ್ಲಿ, ನಮಗೇ ಇಷ್ಟು ರೇಟಾ? ಪ್ಲಾಂಟರ್‌ಗಳು ಸುಲಿಯುತ್ತಿದ್ದಾರೆ." ಪ್ರಶ್ನೆ ಸರಿಯಾಗಿಯೇ ಇದೆ. ಕೊನೆಯ ಮಾತಿಗೆ ಮಾತ್ರ ನನ್ನ ತಕರಾರು.

ದೇಶದ ಕಾಫಿಯಲ್ಲಿ ನೂರಕ್ಕೆ 70 ಪಾಲು ಕರ್ನಾಟಕದ್ದು, ನಿಜ. ಆದರೆ ಭಾರತದಲ್ಲಿ ಬೆಳೆದ ಕಾಫಿಯ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿಯವರು ನಮ್ಮ ದೊಡ್ಡ ಗಿರಾಕಿಗಳು. ಹಾಗಾಗಿ ಮಡಿಕೇರಿಯ ವ್ಯಾಪಾರಿ ಬೆಳಿಗ್ಗೆ ಮೊದಲು ನೋಡುವುದು ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಜಾತಿಯ ಕಾಫಿಯ ರೇಟು. ಇನ್ನೊಂದು ಜಾತಿ ಅರೇಬಿಕಾ ಆದರೆ ನ್ಯೂಯಾರ್ಕ್‌ನದು. ಸಕಲೇಶಪುರದಲ್ಲಿ ಭರ್ಜರಿ ಫಸಲು ಬಂದರೂ ಲಂಡನ್, ನ್ಯೂಯಾರ್ಕ್ ರೇಟು ಇಳಿಯಬೇಕೆಂದಿಲ್ಲ.

ಅಲ್ಲಿ ಏರಿದ್ದು ಯಾಕೆ? ಪ್ರಪಂಚದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಬ್ರೆಜಿಲ್‌ನಲ್ಲಿ 2021ರ ಜುಲೈಯಲ್ಲಿ ಕಡುಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಗಿಡಗಳೇ ಸುಟ್ಟುಹೋದವು. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ಅಷ್ಟರಲ್ಲಿ 2024ರ ಬರ ಬಂತು. ಎರಡನೇ ಸ್ಥಾನದ ವಿಯೆಟ್ನಾಂನಲ್ಲೂ ಬರ. ಅಲ್ಲಿ ಎಷ್ಟೋ ರೈತರು ಕಾಫಿ ಕಿತ್ತು ಡೂರಿಯನ್ ಹಣ್ಣಿನ ಗಿಡ ಹಾಕಿದ್ದರು, ಯಾಕೆಂದರೆ ಚೀನಾದವರು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ. ಕೆಂಪು ಸಮುದ್ರದ ದಾಳಿಗಳಿಂದಾಗಿ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಯುರೋಪಿಗೆ ಹೋಗಬೇಕಾಯಿತು. ಎಲ್ಲ ಒಟ್ಟಿಗೇ ಬಂದು ವಕ್ಕರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ರೊಬಸ್ಟಾ ಟನ್ನಿಗೆ 5000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. 1977ರಿಂದ ಅಲುಗಾಡದೆ ಇದ್ದ ಅರೇಬಿಕಾ ರೇಟಿನ ದಾಖಲೆ ಅದಕ್ಕೂ ಮೊದಲೇ ಮುರಿದಿತ್ತು.

ಇನ್ನು ನಮ್ಮ "ಪ್ಲಾಂಟರ್". ಬಂಗಲೆ, ಜೀಪು, ನಾಯಿ ಅಂತ ನೀವು ಅಂದುಕೊಂಡಿದ್ದರೆ ಅದು ಸಿನಿಮಾ. ದೇಶದ ಕಾಫಿ ಹಿಡುವಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ 25 ಎಕರೆಯೊಳಗಿನವು. 2001ರ ಹೊತ್ತಿಗೆ ರೇಟು ನೆಲಕಚ್ಚಿದಾಗ ಇವರಲ್ಲಿ ಎಷ್ಟೋ ಜನ ಸಾಲದಲ್ಲಿ ಮುಳುಗಿದರು. ಆಗ "ಪಾಪ, ಕಾಫಿ ಇಷ್ಟು ಅಗ್ಗ ಆಯ್ತಲ್ಲ" ಅಂತ ನಾವು ಯಾರೂ ಮರುಗಲಿಲ್ಲ. 2020ರಲ್ಲೂ 50 ಕೆಜಿಯ ರೊಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ಮೂಟೆಗೆ ಸಿಗುತ್ತಿದ್ದುದು ಮೂರೂವರೆ ಸಾವಿರದ ಆಸುಪಾಸು. ಸಿಪ್ಪೆ ತೆಗೆದರೆ ಅದರಲ್ಲಿ ಬೀಜ ಉಳಿಯುವುದು 26-28 ಕೆಜಿ, ಹುರಿದರೆ ಇನ್ನೂ ಕಮ್ಮಿ. 2025ರ ಶುರುವಿನಲ್ಲಿ ಅದೇ ಮೂಟೆ ಹತ್ತು ಸಾವಿರ ದಾಟಿತು. ಹಳೇ ಸಾಲ ತೀರಿಸಿದವರಿದ್ದಾರೆ, ಹೊಸ ಕಾರು ಕೊಂಡವರೂ ಇದ್ದಾರೆ. ಕೊಳ್ಳಲಿ ಬಿಡಿ.

ಆದರೆ ರೇಟು ಬಂದರೆ ಸಾಲದು. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ ಬರಬೇಕು, ಅದಾಗಿ ಮತ್ತೊಂದು ಮಳೆ ಬಂದರೇ ಕಾಯಿ ಕಟ್ಟುವುದು. ಆಗಸ್ಟ್‌ನಲ್ಲಿ ಬಿಡದೆ ಹೊಡೆದರೆ ಕಾಯಿ ಉದುರುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಣದಲ್ಲಿ ಹರವಿದ ಹಣ್ಣು ಬೂಸ್ಟು ಹಿಡಿಯುತ್ತದೆ. ಅರೇಬಿಕಾಗೆ ಕಾಂಡಕೊರಕ ಹುಳುವಿನ ಕಾಟ ಬೇರೆ. ಮೂಡಿಗೆರೆ ಕಡೆ ಸಣ್ಣ ತೋಟ ಇರುವ ನನ್ನ ದೊಡ್ಡಮ್ಮನ ಮಗನಿಗೆ "ಈ ವರ್ಷ ಲಾಟರಿ ಹೊಡೀತಲ್ಲೋ ಅಣ್ಣ" ಅಂದೆ. "ರೇಟೇನೋ ಇದೆ ಮಾರಾಯ, ಗಿಡದಲ್ಲಿ ಕಾಯಿ ಬೇಕಲ್ಲ" ಅಂದ.

ಹೋಟೆಲ್ ಲೋಟದ ಲೆಕ್ಕವನ್ನೂ ಹಾಕಿ. ಒಂದು ಕೆಜಿ ಪುಡಿಯಲ್ಲಿ 80ರಿಂದ 100 ಕಾಫಿ ಆಗುತ್ತದೆ ಅಂದುಕೊಳ್ಳಿ. ಪುಡಿ 200 ರೂಪಾಯಿ ಏರಿದರೆ ಲೋಟಕ್ಕೆ ಬೀಳುವುದು ಎರಡು-ಎರಡೂವರೆ ರೂಪಾಯಿ. ನಮ್ಮ ಬೀದಿಯ ಹೋಟೆಲ್‌ನಲ್ಲಿ ಏರಿಸಿದ್ದು ಐದು. ಅವರನ್ನೂ ಪೂರ್ತಿ ಬೈಯಲಾರೆ. 2025ರ ಏಪ್ರಿಲ್‌ನಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು, ಬಾಡಿಗೆ, ಗ್ಯಾಸು, ಸಂಬಳ ಎಲ್ಲ ಇದೆ. ಆದರೆ 2025ರ ಮಧ್ಯದಲ್ಲಿ ಲಂಡನ್ ರೇಟು ಸಾಕಷ್ಟು ಇಳಿಯಿತು. ತೋಟದವನ ಮೂಟೆ ರೇಟೂ ಜೊತೆಗೇ ಇಳಿಯಿತು. ಲೋಟದ ರೇಟು? ಏರುವಾಗ ಇದ್ದ ಅವಸರ ಇಳಿಯುವಾಗ ಯಾರಿಗೂ ಇರುವುದಿಲ್ಲ ಅಲ್ವಾ.

ನನ್ನ ನಿಜವಾದ ಸಿಟ್ಟು ಮಾತ್ರ ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯ ಮೇಲೆ. ಚಿಕೋರಿ ಹಾಕಬಾರದು ಅಂತಲ್ಲ, ಸ್ವಲ್ಪ ಇದ್ದರೆ ನನಗೂ ಇಷ್ಟ, ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ. ಆದರೆ ಗುಜರಾತ್, ಉತ್ತರ ಪ್ರದೇಶದಿಂದ ಬರುವ ಆ ಬೇರು ಕಾಫಿ ಬೀಜಕ್ಕಿಂತ ಎಷ್ಟೋ ಅಗ್ಗ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಇದ್ದರೆ ಸಾಕು ಅನ್ನುತ್ತದೆ ನಮ್ಮ ಕಾನೂನು. ಅಂದರೆ ಪ್ಯಾಕೆಟ್ಟಿನ ರೇಟು ಮುಟ್ಟದೆ ಒಳಗಿನ ಕಾಫಿಯನ್ನೇ ಕಮ್ಮಿ ಮಾಡಬಹುದು. ಎಷ್ಟು ಕಾಫಿ, ಎಷ್ಟು ಚಿಕೋರಿ ಅಂತ ಪ್ಯಾಕೆಟ್ ಮೇಲೆ ಬರೆಯಲೇಬೇಕು. ಮುಂದಿನ ಸಲ "ಇದು ಮಾತ್ರ ರೇಟ್ ಏರಿಸಿಲ್ಲ ನೋಡಿ" ಅಂತ ಯಾರಾದರೂ ಒಂದು ಪ್ಯಾಕೆಟ್ ಮುಂದಿಟ್ಟರೆ ಆ ಸಣ್ಣ ಅಕ್ಷರ ಓದಿ. ಬೈಯಲು ಸರಿಯಾದ ವಿಳಾಸ ಅಲ್ಲಿ ಸಿಕ್ಕರೂ ಸಿಗಬಹುದು.