ಎಷ್ಟು ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ಹನ್ನೊಂದು ಹಾಕೋಣ ಅಂದರೆ ನಮ್ಮ ಮನೆ ಕಂಪ್ಯೂಟರಿನ ಪ್ರೊಸೆಸರ್ ತೀರಾ ಹಳೇದು, ಆಗಲ್ಲ ಅಂತ ಅದೇ ಹೇಳಿತು. ಸರಿ, ಹೊಸದು ತಂದೆ. ಹಳೇದರಲ್ಲಿ ಇದ್ದದ್ದನ್ನೆಲ್ಲ ಇದಕ್ಕೆ ಸಾಗಿಸೋದು ಒಂದು ಗಂಟೆ ಕೆಲಸ ಅಂತ ಮನೆಯಲ್ಲಿ ಹೇಳಿಬಿಟ್ಟೆ. ಹೇಳಬಾರದಿತ್ತು.

ಎರಡು ಗಂಟೆ ಕೂತು ಫೋಟೋಗಳನ್ನು ಪೆನ್‌ಡ್ರೈವ್‌ಗೆ ತುಂಬಿದೆ. ಆಮೇಲೆ ನಮ್ಮ ಮದುವೆ ವಿಡಿಯೋ, 5 ಜಿಬಿ. ಪೆನ್‌ಡ್ರೈವಲ್ಲಿ ಇನ್ನೂ ಅರ್ಧ ಜಾಗ ಖಾಲಿ, ಆದರೂ ಫೈಲ್ ದೊಡ್ಡದಾಯ್ತು ಅಂತ ಹಟ. ಅದು ಫ್ಯಾಟ್32 ಪೆನ್‌ಡ್ರೈವ್, 4 ಜಿಬಿ ದಾಟಿದ ಒಂದೇ ಫೈಲನ್ನು ಜಾಗ ಎಷ್ಟಿದ್ದರೂ ಒಳಗೆ ಬಿಟ್ಟುಕೊಳ್ಳಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದೆ, ವಿಡಿಯೋ ಹಿಡಿಯಿತು, ಫೋಟೋ ಎಲ್ಲಾ ಹೋಯಿತು. ಪುಣ್ಯಕ್ಕೆ ಕಾಪಿ ಮಾಡಿದ್ದೆ, ಕಟ್ ಮಾಡಿರಲಿಲ್ಲ.

"ಆಯ್ತೇನ್ರೀ?" ಅಂತ ಅಡುಗೆಮನೆಯಿಂದ ಕೇಳಿದಳು.

"ಆಗ್ತಾ ಇದೆ" ಅಂದೆ.

ರಾತ್ರಿ ಹೊತ್ತಿಗೆ ಎಲ್ಲಾ ಮುಗಿಸಿ, ಹಳೇದನ್ನು ಅಟ್ಟಕ್ಕೆ ಹಾಕಿ ಕೈ ತೊಳೆದುಕೊಂಡೆ.

ಮಾರನೇ ದಿನ ಅಪ್ಪ ಬಂದು ಕೂತರು. ಅವರು ನಮ್ಮ ಬಡಾವಣೆ ಸಂಘದ ಖಜಾಂಚಿ. ಭಾನುವಾರ ಸಭೆ, ಚಂದಾ ಬಾಕಿ ಪಟ್ಟಿ ಬೇಕು. ಫೈಲ್ ತೆರೆದರೆ ಕನ್ನಡವೇ ಇಲ್ಲ. ತಲೆ ಮೇಲೆ ಚುಕ್ಕಿ, ಗೀರು ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿದ್ದವು.

"ಏನೋ ಇದು, ಯಾವ ದೇಶದ್ದು?"

ಅಪ್ಪ ಟೈಪ್ ಮಾಡೋದು ಹಳೇ ನುಡಿ ಫಾಂಟಿನಲ್ಲಿ. ಅದರಲ್ಲಿ ಬರೆದದ್ದು ಒಳಗಡೆ ಕನ್ನಡ ಅಲ್ಲವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಕಟ್ಟಿ ಕುಣಿಸಿರುತ್ತಾರೆ. ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಇರುವ ಯೂನಿಕೋಡಲ್ಲಿ ಬರೆದಿದ್ದರೆ ಈ ಪಾಡು ಇರುತ್ತಿರಲಿಲ್ಲ. ನಾನು ಪಾತ್ರಧಾರಿಗಳನ್ನು ಕರೆತಂದೆ, ವೇಷದ ಪೆಟ್ಟಿಗೆ ಅಟ್ಟದ ಮೇಲೇ ಉಳಿಯಿತು. ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ಎಲ್ಲಾ ಕಾಪಿ ಮಾಡಿದವನಿಗೆ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಅಂತ ಒಂದು ಇದೆ ಅನ್ನೋದು ಎಲ್ಲಿ ನೆನಪಾಗಬೇಕು!

ಅಂಕಿಗಳು ಮಾತ್ರ ಸರಿಯಾಗಿದ್ದವು. ಯಾರು ಕೊಡಬೇಕು ಗೊತ್ತಿಲ್ಲ, ಎಷ್ಟು ಕೊಡಬೇಕು ಅಂತ ಸ್ಪಷ್ಟ. ಅಪ್ಪ ಕನ್ನಡಕ ಏರಿಸಿಕೊಂಡರು. "1,800 ಅಂದ್ರೆ ಮೂಲೆ ಮನೆಯವರು. 2,400, ಅದೇ ಎರಡು ಕಾರಿನವನು, ಕೊಡೋ ಪೈಕಿ ಅಲ್ಲ ಬಿಡು." ಅಂಕಿ ನೋಡಿಕೊಂಡೇ ಹೆಸರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಕೊನೆಯ ಎರಡು ಸಾಲಿಗೆ ನಿಂತರು. ಎರಡೂ 600, ಮುಂದಿನ ಗೀಚೂ ಒಂದೇ ಥರ.

"ಒಂದೇ ಹೆಸರು ಎರಡು ಸಲ ಹೊಡೆದಿದ್ದೀರಿ ಅಪ್ಪ, ಒಂದು ತೆಗೀಲಾ?"

"ಲೆಕ್ಕದ ಮೇಲೆ ಕೈ ಹಾಕಬೇಡ" ಅಂದರು.

ಸರಿ, ಏಣಿ ಹಾಕಿ ಹಳೇ ಸಿಪಿಯು ಇಳಿಸಿದೆ, ಮಾನಿಟರಿನ ವೈರು ಹುಡುಕಿದೆ, ಮೈಯೆಲ್ಲಾ ಧೂಳು ಮಾಡಿಕೊಂಡು ಫಾಂಟ್ ತಂದೆ. ಹೊಸದರಲ್ಲಿ ಇನ್‌ಸ್ಟಾಲ್ ಮಾಡಿ ಫೈಲ್ ತೆರೆದದ್ದೇ ತಡ, ಗೀಚೆಲ್ಲಾ ಮಾಯ, ದುಂಡು ದುಂಡು ಕನ್ನಡ. ನೇರ ಕೊನೆಗೆ ಹೋದೆ.

ಮಂಜುನಾಥ, 600. ಮಂಜುನಾಥ, 600.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಡಾವಣೆಯಲ್ಲಿ ಮಂಜುನಾಥರು ಮೂರು ಜನ ಇದ್ದಾರಲ್ಲೋ."